ಹಸಿದು ಸಣ್ಣಗಾಗಬೇಡಿ: ದಾವಣಗೆರೆಯ ಊಟ ಬಿಡದೆ ತೂಕ ಇಳಿಸುವ ಸಮಗ್ರ ಮಾರ್ಗದರ್ಶಿ

ಮದುವೆ ಗೊತ್ತಾದ ಹುಡುಗಿ, ವಿದ್ಯಾನಗರದ ಪಿ.ಜಿ.ಯಲ್ಲಿರುವ ಕಾಲೇಜು ಹುಡುಗ, ಶುಗರ್ ಬಂದಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಗಾಬರಿಯಾದ ಅಂಗಡಿ ಯಜಮಾನರು. ನಮ್ಮೂರಲ್ಲಿ ತೂಕ ಇಳಿಸಲು ಹೊರಡುವವರು ಹೆಚ್ಚಾಗಿ ಇವರೇ. ಮೂವರೂ ಮೊದಲು ಮಾಡುವ ಕೆಲಸವೂ ಒಂದೇ, ಊಟ ಬಿಡುವುದು. ಒಬ್ಬರು ರಾತ್ರಿ ಬರೀ ಸೌತೆಕಾಯಿ ತಿನ್ನುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ನೋಡಿದ ಜ್ಯೂಸ್ ಡಯಟ್ ಹಿಡಿಯುತ್ತಾರೆ. ಮತ್ತೊಬ್ಬರು ಯಾರೋ ಕೊಟ್ಟ ಪುಡಿ ಕಲಸಿ ಕುಡಿಯುತ್ತಾರೆ. ಒಂದು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಯುತ್ತದೆ ಅಂತ ಭರವಸೆ ಕೊಡುವವರಿಗಂತೂ ಕೊರತೆಯೇ ಇಲ್ಲ.

ಈ ಆತುರದಿಂದ ಜೀವಕ್ಕೇ ಅಪಾಯ ಆಗಬಹುದು. ಅದಕ್ಕಿಂತ ಬೇಸರದ ಸಂಗತಿ ಏನೆಂದರೆ, ಇಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ಜೋಳದ ರೊಟ್ಟಿ, ಮುದ್ದೆ, ಕಾಳು ಪಲ್ಯ, ಮಜ್ಜಿಗೆ ಇರುವ ಊರಿನವರು ನಾವು. ನಮ್ಮ ತಟ್ಟೆಯಲ್ಲಿ ಕೆಟ್ಟಿರುವುದು ಅಳತೆ, ಅಡುಗೆಯಲ್ಲ. ಆ ಅಳತೆಯನ್ನು ಸರಿಮಾಡಿಕೊಳ್ಳುವುದು ಹೇಗೆ ಅಂತ ಮುಂದೆ ಹಂತ ಹಂತವಾಗಿ ಬರೆದಿದ್ದೇನೆ. ಆದರೆ ಹಸಿದಾಗ ದೇಹದೊಳಗೆ ಏನಾಗುತ್ತದೆ ಅನ್ನುವುದನ್ನು ಮೊದಲು ಓದಿಬಿಡಿ. ಅದು ಗೊತ್ತಾದರೆ ಅರ್ಧ ಜನ ಆ ದಾರಿಗೇ ಹೋಗುವುದಿಲ್ಲ.

ಊಟ ಬಿಟ್ಟಾಗ ದೇಹದಲ್ಲಿ ಏನಾಗುತ್ತದೆ

ಮೊದಲ ವಾರ ತಕ್ಕಡಿ ಎರಡು ಮೂರು ಕೆ.ಜಿ. ಕಡಿಮೆ ತೋರಿಸುತ್ತದೆ. ಖುಷಿಯಾಗುತ್ತದೆ, ಅಲ್ವಾ? ಅದರಲ್ಲಿ ಹೆಚ್ಚಿನ ಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳು ಗ್ಲೈಕೋಜೆನ್ ಅನ್ನುವ ರೂಪದಲ್ಲಿ ಸ್ವಲ್ಪ ಸಕ್ಕರೆಯನ್ನು ಕೂಡಿಟ್ಟಿರುತ್ತವೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ನಿಂತರೆ ಈ ದಾಸ್ತಾನು ಬೇಗ ಖಾಲಿಯಾಗಿ, ನೀರೂ ಹೊರಗೆ ಹೋಗುತ್ತದೆ. ಮತ್ತೆ ನಾಲ್ಕು ದಿನ ಸರಿಯಾಗಿ ಉಂಡರೆ ಆ ತೂಕ ವಾಪಸ್ ಬರುತ್ತದೆ. ಕೊಬ್ಬು ಇದ್ದ ಜಾಗದಲ್ಲೇ ಇರುತ್ತದೆ.

ಹಸಿವು ಮುಂದುವರಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಊಟದಲ್ಲಿ ಪ್ರೋಟೀನ್ ಇಲ್ಲದಿದ್ದರಂತೂ ಇನ್ನೂ ಜಾಸ್ತಿ. ಸುಮ್ಮನೆ ಕೂತಾಗಲೂ ಸ್ನಾಯು ಕ್ಯಾಲೊರಿ ಖರ್ಚು ಮಾಡುತ್ತದೆ. ಅದು ಕಡಿಮೆಯಾದಂತೆ ದೇಹದ ದಿನದ ಖರ್ಚೂ ಇಳಿಯುತ್ತದೆ. ಮುಂದೆ ಮಾಮೂಲಿ ಊಟ ಶುರು ಮಾಡಿದಾಗ ಅದೇ ಊಟ ಈಗ ಹೆಚ್ಚಾಗುತ್ತದೆ. "ಡಯಟ್ ಬಿಟ್ಟ ಮೇಲೆ ಮೊದಲಿಗಿಂತ ದಪ್ಪ ಆದೆ" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ.

ಇದನ್ನು ಬಹಳ ಹಿಂದೆಯೇ ಅಳೆದು ನೋಡಿದ್ದಾರೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರನ್ನು ಆರಿಸಿಕೊಂಡರು. ಅವರೆಲ್ಲ ಒಪ್ಪಿಯೇ ಬಂದವರು. ಆರು ತಿಂಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯ ಊಟ ಕೊಟ್ಟರು, ಜೊತೆಗೆ ನಡಿಗೆಯನ್ನೂ ಮಾಡಿಸಿದರು. ತೂಕ ಕಾಲು ಭಾಗದಷ್ಟು ಇಳಿಯಿತು. ಆದರೆ ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದರು. ಕೂದಲು ಉದುರಿತು. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಸಿಟ್ಟು, ಬೇಜಾರು ಹೆಚ್ಚಾಯಿತು. ದಿನವಿಡೀ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಹೊಟ್ಟೆ ತುಂಬಿತು ಅನಿಸಲಿಲ್ಲ. ಇವತ್ತು ವಾಟ್ಸಾಪಿನಲ್ಲಿ ಓಡಾಡುವ ಚಾರ್ಟುಗಳಲ್ಲಿ 800, 1,000 ಕ್ಯಾಲೊರಿ ಅಂತ ಇರುತ್ತದೆ. ಆ ಯುವಕರಿಗೆ ಕೊಟ್ಟಿದ್ದಕ್ಕಿಂತಲೂ ಕಡಿಮೆ! ಹಾಗಿರುವಾಗ ಡಯಟ್ ಮುರಿದು ಬಿತ್ತು ಅಂದರೆ ಮನಸ್ಸು ಗಟ್ಟಿ ಇಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಹೃದಯದ ವಿಷಯ ಇನ್ನೂ ಗಂಭೀರ. ಹೃದಯ ತಾಳ ತಪ್ಪದೆ ಬಡಿಯಲು ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಸರಿಯಾಗಿ ಇರಬೇಕು. ಬರೀ ನೀರು, ಜ್ಯೂಸ್, ಪುಡಿ ಕುಡಿದುಕೊಂಡಿದ್ದರೆ ಇವು ಏರುಪೇರಾಗುತ್ತವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನ್ ಮಾತ್ರ ಕುಡಿಯುವ ಡಯಟ್ ಬಂದಿತ್ತು. ಅದನ್ನು ಹಿಡಿದ 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಹೃದಯದ ಕಾಯಿಲೆಯೇ ಇಲ್ಲದ ಹೆಂಗಸರೂ ಅವರಲ್ಲಿದ್ದರು. ಬಹಳ ದಿನ ಹಸಿದವರು ಒಮ್ಮೆಗೇ ಹೊಟ್ಟೆ ತುಂಬ ಉಂಡರೂ ಅಪಾಯ ಇದೆ. ಆಗ ರಕ್ತದಲ್ಲಿನ ರಂಜಕ (ಫಾಸ್ಫರಸ್) ಥಟ್ಟನೆ ಇಳಿದು ಉಸಿರಾಟ, ಹೃದಯ ಎರಡಕ್ಕೂ ತೊಂದರೆಯಾಗಬಹುದು.

ಪಿತ್ತಕೋಶದ ಕಲ್ಲಿಗೂ ಆತುರದ ಡಯಟ್ ಒಂದು ಕಾರಣ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಇಳಿಸಿದರೆ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಊದಿಕೊಳ್ಳುವುದೂ ಉಂಟು.

ನನ್ನ ಅಕ್ಕನ ಮಗಳದ್ದೇ ಉದಾಹರಣೆ ಹೇಳುತ್ತೇನೆ. ನಿಶ್ಚಿತಾರ್ಥ ಆದ ಮೇಲೆ ಬೆಳಿಗ್ಗೆ ಬ್ಲ್ಯಾಕ್ ಕಾಫಿ, ಮಧ್ಯಾಹ್ನ ಎರಡು ಸೌತೆಕಾಯಿ, ರಾತ್ರಿ ಒಂದು ಲೋಟ ಹಾಲು. ಇದೇ ಅವಳ ದಿನದ ಊಟ. ಸೀರೆ ತರಲು ಹೋದಾಗ ಅಂಗಡಿಯಲ್ಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. "ಏನಿಲ್ಲ ಚಿಕ್ಕಮ್ಮ, ಸುಮ್ನೆ ತಲೆ ತಿರುಗ್ತು ಅಷ್ಟೇ" ಅಂದಳು. ಕೈ ಹಿಡಿದು ನೋಡಿದರೆ ತಣ್ಣಗಿತ್ತು. ಮದುವೆ ಹತ್ತಿರ ಬಂದಾಗ ಅವಳ ಬಾಚಣಿಗೆ ತುಂಬ ಕೂದಲು. ಅಷ್ಟೊತ್ತಿಗೆ ಅವಳು ಊಟ ಸರಿಮಾಡಿಕೊಂಡಿದ್ದಳು. ಆದ್ದರಿಂದ ಕೂದಲು ಈಗ ಯಾಕೆ ಉದುರುತ್ತಿದೆ ಅಂತ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಹಸಿವಿನ ಪೆಟ್ಟು ಕೂದಲಿಗೆ ತಟ್ಟುವುದು ಎರಡು ಮೂರು ತಿಂಗಳು ತಡವಾಗಿ. ಮದುವೆಗೆ ಚೆನ್ನಾಗಿ ಕಾಣಬೇಕು ಅಂತ ಮಾಡಿದ ಡಯಟ್ ಸರಿಯಾಗಿ ಮದುವೆ ಹೊತ್ತಿಗೇ ತಲೆ ಬರಿದು ಮಾಡಿತ್ತು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಡಯಟ್ ಶುರುವಾದ ಮೇಲೆ ಮುಟ್ಟು ಏರುಪೇರಾದರೆ ಅಥವಾ ನಿಂತರೆ ಅದು ದೇಹ ಕೊಡುವ ದೊಡ್ಡ ಎಚ್ಚರಿಕೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಅದಲ್ಲದೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ರಕ್ತವೇ ಕಡಿಮೆ ಇರುವವರು ಊಟವನ್ನೂ ಬಿಟ್ಟರೆ ಏನಾಗಬೇಡ?

ಇವುಗಳ ಹತ್ತಿರವೂ ಹೋಗಬೇಡಿ

ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆಯ ಡಯಟ್ ಅನ್ನುವುದು ಒಂದು ಚಿಕಿತ್ಸೆ. ಅದನ್ನು ಡಾಕ್ಟರ ಕಣ್ಣೆದುರಿಗೆ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಮಾತ್ರ ಮಾಡಬೇಕು. ಮನೆಯಲ್ಲಿ ನಾವೇ ಮಾಡಿಕೊಳ್ಳುವಂಥದ್ದಲ್ಲ.

ಬರೀ ಜ್ಯೂಸ್, ಬರೀ ಹಣ್ಣು, ಬರೀ ಮೊಟ್ಟೆ ಅಂತ ಒಂದೇ ಪದಾರ್ಥ ಹಿಡಿಯುವ ಡಯಟ್ ಬೇಡ. ಭೇದಿ ಮಾತ್ರೆ, ಮೂತ್ರ ಹೆಚ್ಚು ಮಾಡುವ ಮಾತ್ರೆಗಳಂತೂ ಬೇಡವೇ ಬೇಡ. ಅವು ಇಳಿಸುವುದು ನೀರನ್ನು, ಜೊತೆಗೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತವೆ. ಲೇಬಲ್ ಇಲ್ಲದ ಪುಡಿ, "ನೂರಕ್ಕೆ ನೂರು ನೈಸರ್ಗಿಕ" ಅಂತ ಬರೆದ ಸ್ಲಿಮ್ಮಿಂಗ್ ಕ್ಯಾಪ್ಸೂಲ್ ಕಂಡರೆ ದೂರ ಇರಿ. ಹೃದಯಕ್ಕೆ ಅಪಾಯ ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧವಾದ ಸಿಬುಟ್ರಮೈನ್ ಅನ್ನುವ ಔಷಧವನ್ನು ಇಂಥ ಪುಡಿ, ಮಾತ್ರೆಗಳಲ್ಲಿ ಕದ್ದು ಬೆರೆಸಿರುವುದು ಜಗತ್ತಿನ ಹಲವು ಕಡೆ ಪತ್ತೆಯಾಗಿದೆ. ಈಚೆಗೆ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ನಿಜವಾದ ಔಷಧಗಳೇ, ಕೆಲಸವನ್ನೂ ಮಾಡುತ್ತವೆ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಡಾಕ್ಟರೇ ಹೇಳಬೇಕು. ಗೆಳೆಯ ಹಾಕಿಸಿಕೊಂಡ ಅಂತ ನೀವೂ ಹಾಕಿಸಿಕೊಳ್ಳಬೇಡಿ.

ಬೆಳಿಗ್ಗೆ ನಿಂಬೆಹಣ್ಣು, ಜೇನುತುಪ್ಪ, ಬಿಸಿನೀರು ಕುಡಿದರೆ ಕೊಬ್ಬು ಕರಗುವುದಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇದೆ, ಅಷ್ಟೇ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಪಾತಾಳಕ್ಕೆ ಇಳಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಡಯಟ್ (ಅನ್ನ, ರೊಟ್ಟಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವುದು) ಮಾಡಿದರೆ ರಕ್ತ ಆಮ್ಲವಾಗುವ ಅಪಾಯ ಇದೆ. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ತಮ್ಮಷ್ಟಕ್ಕೆ ಯಾವ ಡಯಟ್ಟನ್ನೂ ಶುರು ಮಾಡಬಾರದು.

ಹಂತ 1: ಟೇಪು ತೆಗೆದುಕೊಳ್ಳಿ

ತೂಕ ಇಳಿಸುವ ಅಗತ್ಯ ನಿಜಕ್ಕೂ ಇದೆಯಾ? ಇದನ್ನು ಮೊದಲು ನೋಡಿ. ತೂಕವನ್ನು ಕೆ.ಜಿ.ಯಲ್ಲಿ ಬರೆದುಕೊಂಡು, ಅದನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿ. ಬರುವ ಸಂಖ್ಯೆಯೇ ಬಿ.ಎಂ.ಐ. ನಮ್ಮ ದೇಶದವರಿಗೆ ಅದು 23ರ ಒಳಗಿರಬೇಕು, 25 ದಾಟಿದರೆ ಬೊಜ್ಜು ಅಂತ ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯರಿಗೆ ಈ ಗೆರೆ 25 ಮತ್ತು 30. ನಮ್ಮವರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ಗೆರೆ ಕೆಳಗಿದೆ.

ಉದಾಹರಣೆಗೆ 160 ಸೆಂ.ಮೀ. ಎತ್ತರ, 72 ಕೆ.ಜಿ. ತೂಕದ ಹೆಂಗಸು. ಅವರ ಬಿ.ಎಂ.ಐ. ಸುಮಾರು 28. ಇಳಿಸಬೇಕು, ನಿಜ. ಆದರೆ 52 ಕೆ.ಜಿ.ಯ ಹುಡುಗಿ ಅದೇ ಎತ್ತರ ಇದ್ದು ಇನ್ನೂ ಆರು ಕೆ.ಜಿ. ಇಳಿಸಬೇಕು ಅಂದರೆ, ಅವಳಿಗೆ ಡಯಟ್ ಬೇಡ. ಅವಳಿಗೆ ಹಾಗೆ ಅನಿಸುತ್ತಿರುವುದು ಯಾಕೆ ಅಂತ ಪ್ರೀತಿಯಿಂದ ಕೂತು ಕೇಳುವವರು ಬೇಕು.

ಆಮೇಲೆ ಸೊಂಟದ ಸುತ್ತಳತೆ. ಟೇಪನ್ನು ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಹಿಡಿದು, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗೆರೆ. ನನ್ನನ್ನು ಕೇಳಿದರೆ ತಕ್ಕಡಿಗಿಂತ ಈ ಟೇಪೇ ಹೆಚ್ಚು ನಂಬಿಕೆಗೆ ಅರ್ಹ.

ಶುರು ಮಾಡುವ ಮೊದಲು ಬಿ.ಪಿ., ಶುಗರ್, ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಮೊದಲು ಅದಕ್ಕೆ ಔಷಧ ಬೇಕು.

ಗುರಿ ಎಷ್ಟಿರಬೇಕು? ಈಗಿನ ತೂಕದ ನೂರಕ್ಕೆ ಐದು. 72 ಕೆ.ಜಿ.ಯವರಿಗೆ ಮೂರೂವರೆ ಕೆ.ಜಿ. ಕಡಿಮೆ ಅನಿಸಬಹುದು, ಆದರೆ ಅಷ್ಟಕ್ಕೇ ಶುಗರ್, ಬಿ.ಪಿ. ಎರಡೂ ಸುಧಾರಿಸಲು ಶುರುವಾಗುತ್ತವೆ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು. ಮದುವೆ ಇದ್ದರೆ ಆರು ತಿಂಗಳ ಮೊದಲೇ ಶುರು ಮಾಡಿ.

ಹಂತ 2: ಮೂರು ದಿನ ಬರೆದಿಡಿ

ಏನನ್ನೂ ಬದಲಿಸದೆ ಮೂರು ದಿನ ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಿರಿ. ಅದರಲ್ಲಿ ಒಂದು ದಿನ ಭಾನುವಾರ ಆಗಿರಲಿ. ಮಗು ಬಿಟ್ಟ ಅರ್ಧ ಬಿಸ್ಕತ್ತು, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಶೇಂಗಾ, ಅಂಗಡಿಯಲ್ಲಿ ಗಿರಾಕಿ ಜೊತೆ ಕುಡಿದ ಚಹಾ, ಎಲ್ಲವನ್ನೂ.

ಹೆಚ್ಚಿನವರಿಗೆ ಆಶ್ಚರ್ಯ ಕಾಯುವುದು ಚಹಾದಲ್ಲಿ. ದಿನಕ್ಕೆ ನಾಲ್ಕು ಕಪ್, ಒಂದಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ ಅಂದರೆ 40 ಗ್ರಾಂ, 160 ಕ್ಯಾಲೊರಿ. ಎರಡು ರೊಟ್ಟಿ ಬಿಡುವುದಕ್ಕಿಂತ ಈ ಸಕ್ಕರೆ ಬಿಡುವುದು ಸುಲಭ. ಒಮ್ಮೆಗೇ ನಿಲ್ಲಿಸಬೇಡಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತಾಗದೆ ಒಗ್ಗಿಕೊಳ್ಳುತ್ತದೆ. ಬೆಲ್ಲ ಹಾಕಿದರೆ ತೊಂದರೆ ಇಲ್ಲ ಅನ್ನುವವರಿದ್ದಾರೆ. ಕ್ಯಾಲೊರಿ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಹಂತ 3: ಎಣ್ಣೆ ಡಬ್ಬಿಯನ್ನು ಬದಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ.

ಅನ್ನ, ಬೇಳೆಯಲ್ಲಿರುವ ಒಂದು ಗ್ರಾಂ ಪಿಷ್ಟಕ್ಕೂ ಒಂದು ಗ್ರಾಂ ಪ್ರೋಟೀನಿಗೂ 4 ಕ್ಯಾಲೊರಿ. ಎಣ್ಣೆಗೆ 9. ಚಳ್ಳಕೆರೆಯ ಶೇಂಗಾ ಎಣ್ಣೆಯಾಗಲಿ, ಗಾಣದ ಕುಸುಬೆ ಎಣ್ಣೆಯಾಗಲಿ, ದುಬಾರಿ ಆಲಿವ್ ಎಣ್ಣೆಯಾಗಲಿ ಎಲ್ಲಕ್ಕೂ ಅದೇ 9. ಗಾಣದ ಎಣ್ಣೆ ಒಳ್ಳೆಯದು ಅಂತ ಎರಡು ಸೌಟು ಜಾಸ್ತಿ ಹಾಕಿದರೆ ಸೊಂಟಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮನೆಯ ಲೆಕ್ಕ ಹೀಗೆ ಹಾಕಿ. ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ? ಅದನ್ನು ಮನೆಯ ಜನರಿಂದ ಭಾಗಿಸಿ. ನಾಲ್ಕು ಜನರ ಮನೆಗೆ ಐದು ಲೀಟರ್ ಬರುತ್ತಿದ್ದರೆ ತಲೆಗೆ ಒಂದೂಕಾಲು ಲೀಟರ್. ದಿನಕ್ಕೆ ಸುಮಾರು 40 ಮಿ.ಲೀ. ಅಂದರೆ ಒಬ್ಬರಿಗೆ 330 ಕ್ಯಾಲೊರಿಗಿಂತ ಹೆಚ್ಚು ಬರೀ ಎಣ್ಣೆಯಿಂದಲೇ. ಹೊರಗೆ ತಿನ್ನುವ ಮಿರ್ಚಿ, ಬೋಂಡಾ ಈ ಲೆಕ್ಕದಲ್ಲಿ ಇಲ್ಲ. ತೂಕ ಇಳಿಸುವವರ ಮನೆಯಲ್ಲಿ ತಲೆಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರಿನೊಳಗೆ ತರಬೇಕು.

ಮಾಡುವ ರೀತಿ: ಎಣ್ಣೆ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಇವತ್ತೇ ನಿಲ್ಲಿಸಿ. ಒಂದು ಸಣ್ಣ ಸ್ಟೀಲ್ ಡಬ್ಬಿ, ಅದರೊಳಗೆ ಒಂದು ಚಹಾ ಚಮಚ. ವಾರದ ಎಣ್ಣೆಯನ್ನು ಭಾನುವಾರ ಅಳೆದು ಆ ಡಬ್ಬಿಗೆ ಹಾಕಿ. ಪಲ್ಯಕ್ಕೆ ಎರಡು ಚಮಚದಲ್ಲಿ ಸಾಸಿವೆ ಸಿಡಿಸಿ, ಈರುಳ್ಳಿ ಹಾಕಿ, ತಳ ಹಿಡಿಯುತ್ತದೆ ಅನಿಸಿದಾಗ ಎಣ್ಣೆಯ ಬದಲು ಒಂದು ಹಿಡಿ ನೀರು ಚಿಮುಕಿಸಿ ಮುಚ್ಚಿಡಿ. ಬದನೆಕಾಯಿ ಎಣ್ಣೆಗಾಯಿಗೆ ಮಾತ್ರ ಇದು ಒಗ್ಗುವುದಿಲ್ಲ, ಅದನ್ನು ತಿಂಗಳಿಗೊಮ್ಮೆ ಸರಿಯಾಗಿಯೇ ಮಾಡಿ. ಬುಧವಾರಕ್ಕೇ ಡಬ್ಬಿ ಖಾಲಿಯಾದರೆ ಎಲ್ಲಿ ಹೋಯಿತು ಅಂತ ನಿಮಗೇ ತಿಳಿಯುತ್ತದೆ.

ಮನೆಯಲ್ಲಿ ಅಡುಗೆ ಮಾಡುವವರು ಬೇರೆ, ತೂಕ ಇಳಿಸಬೇಕಾದವರು ಬೇರೆ ಆಗಿದ್ದರೆ ಜಗಳ ಖಂಡಿತ. "ನಿಮಗೊಬ್ಬರಿಗೇ ಬೇರೆ ಮಾಡ್ಲಾ?" ಅಂತ ಕೇಳಿಯೇ ಕೇಳುತ್ತಾರೆ. ಬೇರೆ ಅಡುಗೆ ಬೇಡ. ಎಣ್ಣೆ ಇಡೀ ಮನೆಗೇ ಕಡಿಮೆಯಾಗಲಿ. ಆ ಕೆಲಸದ ಹೊರೆ ಮನೆಯ ಹೆಂಗಸಿನ ತಲೆಗೆ ಮಾತ್ರ ಬೀಳದಂತೆ ತರಕಾರಿ ಹೆಚ್ಚುವುದಕ್ಕಾದರೂ ಕೂತುಕೊಳ್ಳಿ.

ಹಂತ 4: ತಟ್ಟೆಯ ಪಾಲು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರ ಸೂಚನೆಗಳನ್ನು ಹೊರತಂದಿದೆ. ಅದರ ಮುಖ್ಯ ಮಾತುಗಳಲ್ಲಿ ಒಂದು, ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು ಇರಬೇಕು ಅನ್ನುವುದು. ನಮ್ಮ ತಟ್ಟೆ ನೋಡಿ. ಮುಕ್ಕಾಲು ಅನ್ನ, ಮೂಲೆಯಲ್ಲಿ ಒಂದು ಚಮಚ ಪಲ್ಯ. ಆ ಪಲ್ಯ ಉಪ್ಪಿನಕಾಯಿಯಷ್ಟೇ ಇರುತ್ತದೆ.

ಇದನ್ನು ತಿರುಗಿಸಿ. ಬಡಿಸುವಾಗ ಮೊದಲು ಪಲ್ಯ, ಕೋಸಂಬರಿ, ಹಸಿ ತರಕಾರಿ. ಅರ್ಧ ತಟ್ಟೆ ತುಂಬಲಿ. ಮೆಂತ್ಯ, ಸಬ್ಬಸಿಗೆ, ಮೂಲಂಗಿ, ಎಳೆ ಸೌತೆ, ಹೀರೆ, ಬೆಂಡೆ ಯಾವುದಾದರೂ ಸರಿ. ಆಲೂಗಡ್ಡೆ ಪಲ್ಯವನ್ನು ಇದರಲ್ಲಿ ಲೆಕ್ಕ ಹಿಡಿಯಬೇಡಿ. ಆಮೇಲೆ ಕಾಲು ತಟ್ಟೆ ಕಾಳು: ಮಡಿಕೆ, ಹೆಸರು, ಅಲಸಂದೆ, ಹುರುಳಿ. ಉಳಿದ ಕಾಲು ಭಾಗಕ್ಕೆ ಎರಡು ಜೋಳದ ರೊಟ್ಟಿ ಅಥವಾ ಮುಷ್ಟಿ ಗಾತ್ರದ ಒಂದು ಮುದ್ದೆ. ಅನ್ನ ಬೇಕೇ ಬೇಕು ಅಂದರೆ ಒಂದು ರೊಟ್ಟಿ ಕಡಿಮೆ ಮಾಡಿ ಅಷ್ಟು ಅನ್ನ. ಕೊನೆಗೆ ಮಜ್ಜಿಗೆ. ಇದರಲ್ಲಿ ಹಸಿವೆಲ್ಲಿದೆ ಹೇಳಿ?

ಪ್ರೋಟೀನ್ ಬಗ್ಗೆ ಸ್ವಲ್ಪ ಹೆಚ್ಚು ಗಮನ ಬೇಕು. ಮಾಮೂಲಿ ಜನರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ಒಂದು ಗ್ರಾಂ ಹತ್ತಿರ ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಹಿಡಿ, ಅಂದರೆ 30 ಗ್ರಾಂ, ಒಣ ಹೆಸರುಕಾಳಿನಲ್ಲಿ 7 ಗ್ರಾಂ. 25 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 13 ಗ್ರಾಂ. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 6 ಗ್ರಾಂ. ಮೂರು ಹೊತ್ತೂ ಹಂಚಿಕೊಳ್ಳಿ. ಬೆಳಿಗ್ಗೆ ಬರೀ ಒಗ್ಗರಣೆ ಅವಲಕ್ಕಿ ತಿಂದರೆ ಹನ್ನೊಂದಕ್ಕೇ ಹೊಟ್ಟೆ ಚುರುಗುಟ್ಟುತ್ತದೆ. ಅದಕ್ಕೆ ಮೊಳಕೆ ಹೆಸರು ಸೇರಿಸಿ ಅಥವಾ ಪಕ್ಕದಲ್ಲೊಂದು ಬೇಯಿಸಿದ ಮೊಟ್ಟೆ ಇಟ್ಟುಕೊಳ್ಳಿ, ಮಧ್ಯಾಹ್ನದವರೆಗೆ ತಡೆಯುತ್ತದೆ.

ಶೇಂಗಾ ಚಟ್ನಿಪುಡಿ ನಮ್ಮ ಪ್ರಾಣ. ಶೇಂಗಾದಲ್ಲಿ ಪ್ರೋಟೀನ್ ಇದೆ, ಎಣ್ಣೆಯೂ ಇದೆ. 30 ಗ್ರಾಂಗೆ 170 ಕ್ಯಾಲೊರಿ. ಚಟ್ನಿಪುಡಿ ಎರಡು ಚಮಚ ಹಾಕಿಕೊಳ್ಳಿ, ಮೇಲೆ ಎಣ್ಣೆ ಸುರಿಯದೆ ಮೊಸರಲ್ಲಿ ಕಲಸಿ.

ಸಿರಿಧಾನ್ಯದ ಬಗ್ಗೆ ಬಹಳ ಜನ ಕೇಳುತ್ತಾರೆ. ಹೊಸದುರ್ಗದ ಕಡೆ ಬೆಳೆಯುವ ಸಾವೆ, ನವಣೆ ಒಳ್ಳೆಯ ಆಹಾರವೇ. ನಾರು ಚೆನ್ನಾಗಿದೆ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ (ಕ್ಯಾಲ್ಸಿಯಂ) ಇದೆ. ಆದರೆ ನವಣೆ ಅನ್ನವನ್ನೂ ತಟ್ಟೆ ತುಂಬ ಉಂಡರೆ ತೂಕ ಇಳಿಯದು. ಅಲ್ಲೂ ಕಾಲು ತಟ್ಟೆಯೇ.

ಹಂತ 5: ಬೆಣ್ಣೆ ದೋಸೆ, ಖಾರ ಮಂಡಕ್ಕಿ ಏನು ಮಾಡೋಣ

ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಬಿಡಿ ಅಂತ ನಾನು ಹೇಳುವುದಿಲ್ಲ. ಬಿಡಿ ಅಂದ ಡಯಟ್ ಎರಡನೇ ವಾರಕ್ಕೇ ಮುರಿಯುತ್ತದೆ, ಮುರಿದ ದಿನ ಒಂದರ ಬದಲು ನಾಲ್ಕು ದೋಸೆ ಹೋಗುತ್ತದೆ.

ಲೆಕ್ಕ ತಿಳಿದುಕೊಂಡು ತಿನ್ನಿ. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ. ಕಾವಲಿಯ ಮೇಲೆ ಒಂದು ಸಲ, ಮಡಚುವಾಗ ಇನ್ನೊಂದು ಸಲ, ತಟ್ಟೆಗೆ ಬಂದ ಮೇಲೆ ಮೇಲೊಂದು ಉಂಡೆ. ಆ ಮೇಲಿನ ಉಂಡೆ ಬೇಡ ಅಂತ ಮೊದಲೇ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಒಂದು ದೋಸೆ. ಬಿಸಿಬಿಸಿ ಇರುವಾಗ ನಿಧಾನವಾಗಿ, ಮೊಬೈಲ್ ಜೇಬಲ್ಲಿಟ್ಟು ತಿನ್ನಿ. ಆ ದಿನ ಮಧ್ಯಾಹ್ನ ಊಟ ಬಿಡಬೇಡಿ. ಕಾಳು ಪಲ್ಯ, ರೊಟ್ಟಿ, ಮಜ್ಜಿಗೆ ಮಾಮೂಲಿನಂತೆ ಇರಲಿ.

ಮಂಡಕ್ಕಿ ಹಗುರ, ಹಾಗಾಗಿ ಡಯಟ್ ಅಂದುಕೊಂಡವರಿದ್ದಾರೆ. ಒಂದು ಬಟ್ಟಲು ಬರೀ ಮಂಡಕ್ಕಿಗೆ 55 ಕ್ಯಾಲೊರಿ ಅಷ್ಟೇ, ನಿಜ. ಆದರೆ ಅದರಲ್ಲಿ ನಾರೂ ಇಲ್ಲ, ಪ್ರೋಟೀನೂ ಅಷ್ಟಕ್ಕಷ್ಟೆ, ಅರ್ಧ ಗಂಟೆಗೆ ಮತ್ತೆ ಹಸಿವು. ಇನ್ನು ಸಂಜೆ ರಾಂ ಅಂಡ್ ಕೋ ಸರ್ಕಲ್ ಕಡೆ ಹೋದರೆ ಒಗ್ಗರಣೆಯ ಎಣ್ಣೆಯಲ್ಲಿ ಮಿಂದ ಮಂಡಕ್ಕಿ, ಪಕ್ಕದಲ್ಲಿ ಎರಡು ಮಿರ್ಚಿ. ತೂಕ ಏರಿಸುವುದು ಆ ಮಿರ್ಚಿ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಇಬ್ಬರಿಗೆ ನಾಲ್ಕು ಬಟ್ಟಲು ಮಂಡಕ್ಕಿ. ಎರಡು ಚಹಾ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಅರಿಶಿನ. ಒಲೆ ಆರಿಸಿ ಖಾರದ ಪುಡಿ ಹಾಕಿ, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಮಂಡಕ್ಕಿ ಕಲಸಿದ ಮೇಲೆ ಒಂದು ಬಟ್ಟಲು ಬೇಯಿಸಿದ ಮೊಳಕೆ ಮಡಿಕೆ, ಒಂದು ಹಿಡಿ ಪುಟಾಣಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಅರ್ಧ ನಿಂಬೆಹಣ್ಣು. ಕಲಸಿದ ತಕ್ಷಣ ತಿನ್ನಬೇಕು, ಮೆತ್ತಗಾದರೆ ರುಚಿ ಹೋಯಿತು. ಮಿರ್ಚಿಯ ಆಸೆಗೆ ಕಾವಲಿಯ ಮೇಲೆ ಸುಟ್ಟ ಎರಡು ಹಸಿಮೆಣಸಿನಕಾಯಿ, ಮೇಲೆ ಉಪ್ಪು. ಸಂಜೆ ಆರಕ್ಕೆ ಇದನ್ನು ತಿಂದವರಿಗೆ ರಾತ್ರಿ ಊಟ ತಾನಾಗೇ ಕಡಿಮೆಯಾಗುತ್ತದೆ.

ಹೋಳಿಗೆ ಊಟಕ್ಕೆ ಹೋದಾಗ ಒಂದು ಹೋಳಿಗೆ ತಿಂದು ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ.

ಹಂತ 6: ನಡಿಗೆ, ಮತ್ತೆ ಸ್ವಲ್ಪ ಬಲದ ಕೆಲಸ

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಆಯಿತು. ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಗಾಳಿಯೂ ಚೆನ್ನಾಗಿರುತ್ತದೆ, ಜೊತೆಗಾರರೂ ಸಿಗುತ್ತಾರೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಚಿತ್ರದುರ್ಗದವರಿಗೆ ಕೋಟೆಯೇ ಇದೆ. ಆದರೆ ಮಂಡಿನೋವು ಇದ್ದವರು, ತೂಕ ಬಹಳ ಇದ್ದವರು ಮೊದಲ ದಿನವೇ ಮೆಟ್ಟಿಲು ಹತ್ತಬೇಡಿ. ಒಂದು ತಿಂಗಳು ಸಮ ನೆಲದಲ್ಲಿ ನಡೆದು ಆಮೇಲೆ ಹೋಗಿ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ.

ಬಲದ ಕೆಲಸಕ್ಕೆ ಜಿಮ್ಮೇ ಬೇಕು ಅಂತಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ಹತ್ತು ಸಲ ದಂಡ ಹೊಡೆಯುವುದು, ಎರಡು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು. ಮೂರೂ ಸೇರಿ ಒಂದು ಸುತ್ತು, ಅಂಥ ಮೂರು ಸುತ್ತು. ಹೆಂಗಸರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ನಲವತ್ತರ ನಂತರ ಸ್ನಾಯು ಉಳಿಸಿಕೊಳ್ಳುವ ದಾರಿ ಇದೇ.

ರಾತ್ರಿ ಏಳು ತಾಸು ನಿದ್ದೆ ಮಾಡಿ. ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ ಮತ್ತು ಕರಿದ ತಿಂಡಿಯ ಮೇಲೇ ಕಣ್ಣು.

ಹಂತ 7: ತಕ್ಕಡಿ ಹತ್ತುವ ರೀತಿ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು. ದಿನಾ ಹತ್ತಬೇಡಿ. ಉಪ್ಪು ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಂತು ಒಂದೆರಡು ಕೆ.ಜಿ. ಏರಿದಂತೆ ಕಾಣುತ್ತದೆ. ಅದನ್ನು ನೋಡಿ ಊಟ ಬಿಟ್ಟರೆ ಮತ್ತೆ ಹಳೇ ದಾರಿಗೇ ಬಂದಂತಾಯಿತು.

ಕೆಲವು ತಿಂಗಳಾದ ಮೇಲೆ ತೂಕ ಅಲ್ಲೇ ನಿಲ್ಲುತ್ತದೆ. ಎಲ್ಲರಿಗೂ ನಿಲ್ಲುತ್ತದೆ. ದೇಹ ಸಣ್ಣದಾದ ಮೇಲೆ ಅದರ ಖರ್ಚೂ ಕಡಿಮೆ. ಆಗ ಸೊಂಟದ ಟೇಪು ನೋಡಿ, ಹಂತ 2ರ ಬರಹವನ್ನು ಇನ್ನೊಮ್ಮೆ ಮಾಡಿ. ಎಣ್ಣೆ ಡಬ್ಬಿ ಸದ್ದಿಲ್ಲದೆ ಮತ್ತೆ ದೊಡ್ಡದಾಗಿರುವುದು ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ನಡಿಗೆಗೆ ಹತ್ತು ನಿಮಿಷ ಸೇರಿಸಿ. ಊಟವನ್ನು ಇನ್ನೂ ಕಡಿಮೆ ಮಾಡುವುದು ಬೇಡ.

ಡಾಕ್ಟರ ಹತ್ತಿರ ಯಾವಾಗ ಓಡಬೇಕು

ಡಯಟ್ ಮಾಡುತ್ತಿರುವವರಿಗೆ ಎದೆ ಡವಡವ ಅನ್ನುವುದು, ತಲೆ ತಿರುಗಿ ಬೀಳುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ಜೋರು ನೋವು, ಜೊತೆಗೆ ವಾಂತಿ ಬಂದರೆ ಪಿತ್ತಕೋಶದ ಕಲ್ಲಿರಬಹುದು. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಬೆವರಿ ನಡುಗಿದರೆ ಮೊದಲು ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತಿಗೆ 108ಕ್ಕೆ ಫೋನ್ ಮಾಡಬಹುದು. ಡಯಟ್ಟೇ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಅದನ್ನೂ ತೋರಿಸಿ, ಖುಷಿಪಡುವ ವಿಷಯವಲ್ಲ.

ಮನೆಯ ಮಕ್ಕಳನ್ನು ಸ್ವಲ್ಪ ಗಮನಿಸಿ. ಎಲ್ಲರ ಜೊತೆ ಊಟಕ್ಕೆ ಕೂರದೆ ನೆಪ ಹೇಳುವುದು, ಉಂಡ ತಕ್ಷಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ತೆಳ್ಳಗಿದ್ದರೂ ದಪ್ಪ ಇದ್ದೇನೆ ಅನ್ನುವುದು, ದಿನಕ್ಕೆ ಹಲವು ಸಲ ತೂಕ ನೋಡಿಕೊಳ್ಳುವುದು. ಇದು ಹಟವಲ್ಲ, ಮನಸ್ಸಿನ ಕಾಯಿಲೆಯ ಗುರುತು ಇರಬಹುದು. ಬೈದು ತಿನ್ನಿಸಲು ಹೋದರೆ ಇನ್ನೂ ಮುಚ್ಚಿಡುತ್ತಾರೆ. "ಯಾಕವ್ವಾ ಇತ್ತೀಚೆಗೆ ಸುಸ್ತಾಗಿ ಕಾಣ್ತೀಯಲ್ಲ" ಅಂತ ಮಾತು ಶುರು ಮಾಡಿ, ತೂಕದ ಮಾತು ಎತ್ತಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗಳು ಅಥವಾ ಮಗ ಮಾತಾಡಲು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ, ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಕೇಳಿಕೊಳ್ಳಿ.